ಬೀಸುಬಲೆಗೆ ಸೀಸದ ಗುಂಡು: ಮನೆಯಲ್ಲೇ ಎರಕ ಹೊಯ್ದ ನನ್ನ ಅನುಭವ

ಬೀಸುಬಲೆ ಚೆನ್ನಾಗಿ ಬೀಳುವುದು, ಬೀಳದಿರುವುದು ಅದರ ಅಂಚಿಗೆ ಪೋಣಿಸಿದ ಸೀಸದ ಗುಂಡುಗಳ ಮೇಲೆ ನಿಂತಿದೆ. ಬಲೆ ದುಂಡಗೆ ಬಿಚ್ಚಿಕೊಳ್ಳಬೇಕು, ಮೀನು ತಪ್ಪಿಸಿಕೊಳ್ಳುವ ಮೊದಲೇ ತಳ ಮುಟ್ಟಬೇಕು. ಬಾಗಲಕೋಟೆಯಲ್ಲಿ ನಾವು ಬಲೆ ಬೀಸುವುದು ಘಟಪ್ರಭೆಯ ಕಡೆ, ಆಲಮಟ್ಟಿ ಹಿನ್ನೀರಿನಲ್ಲಿ. ನಾನು ನಿಲ್ಲುವ ಕಡೆ ತಳವೆಲ್ಲ ಎರೆಮಣ್ಣಿನ ರಾಡಿ. ದಪ್ಪ ಗುಂಡು ಅದರಲ್ಲಿ ಹೂತುಕೊಳ್ಳುತ್ತದೆ, ಜಗ್ಗಿದರೆ ಬಲೆ ಹರಿಯುತ್ತದೆ. ಸಣ್ಣ ಗುಂಡುಗಳು ಒತ್ತೊತ್ತಾಗಿ ಇರಬೇಕು. ನನಗೆ ಬೇಕಾದ ಅಳತೆ ಅಂಗಡಿಯಲ್ಲಿ ಸಿಗಲಿಲ್ಲ, ಹಾಗಾಗಿ ನಾನೇ ಎರಕ ಹೊಯ್ಯಲು ಕಲಿತೆ.

ಕಲಿಸಿದವರು ನದಿ ದಂಡೆಯ ಹಿರಿಯ ಅಂಬಿಗರೊಬ್ಬರು. ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ. ಒಲೆ ಹಚ್ಚುವ ಮೊದಲು ಅವರು ಹೇಳಿದ್ದು ಇಷ್ಟೇ: "ತಮ್ಮಾ, ಹಸಿ ಇದ್ದದ್ದು ಏನೂ ಒಲಿ ಹತ್ರ ತರಬ್ಯಾಡ."

ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ಸೀಸದೊಳಗೆ ಒಂದು ಹನಿ ನೀರು ಹೋದರೂ ಅದು ಕ್ಷಣದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆಗ ಬಾಣಲೆಯಲ್ಲಿದ್ದ ಸೀಸ ಮುಖಕ್ಕೇ ಸಿಡಿಯುತ್ತದೆ. ಮೇಲೆ ಬಿದ್ದ ಹನಿಗಿಂತ ಒಳಗೆ ಮುಳುಗಿದ ಹನಿ ಜಾಸ್ತಿ ಅಪಾಯ. ಅದಕ್ಕೇ ಗುಜರಿ ಸೀಸವನ್ನು ಮೊದಲು ಬಿಸಿಲಿಗೆ ಹರವಿ ಒಣಗಿಸುತ್ತೇನೆ. ಎಲ್ಲ ತುಂಡುಗಳನ್ನೂ ಬಾಣಲೆ ತಣ್ಣಗಿರುವಾಗಲೇ ಹಾಕುತ್ತೇನೆ. ಕರಗಿದ್ದರ ಮೇಲೆ ಹೊಸ ತುಂಡು ಹಾಕುವುದಿಲ್ಲ. ಸೌಟನ್ನೂ ಒಲೆಯ ಪಕ್ಕ ಕಾಯಿಸಿಕೊಂಡೇ ಅದ್ದುತ್ತೇನೆ. ಮಳೆಗಾಲದಲ್ಲಿ ಈ ಕೆಲಸವೇ ಇಲ್ಲ. ನಮ್ಮ ಬೇಸಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಸೀಸ ಎಲ್ಲಿಂದ ತರುವುದು? ಗುಜರಿ ಅಂಗಡಿಯಲ್ಲಿ ಹಳೆ ಕೇಬಲ್‌ ಮೇಲಿನ ಸೀಸದ ಕವಚ, ಹಳೆ ಪೈಪು, ತಗಡು ಸಿಗುತ್ತದೆ. ಅದು ಮೆತ್ತಗಿರುತ್ತದೆ, ಉಗುರಿನಿಂದ ಗೀರಿದರೆ ಗುರುತು ಬೀಳುತ್ತದೆ. ಬಲೆಗೆ ಅದೇ ಒಳ್ಳೆಯದು. ಟೈರ್ ಅಂಗಡಿಯ ಚಕ್ರದ ತೂಕಗಳೂ ನಡೆಯುತ್ತವೆ, ಆದರೆ ಅವುಗಳಲ್ಲಿ ಆಂಟಿಮನಿ ಎಂಬ ಇನ್ನೊಂದು ಧಾತು ಬೆರೆತಿರುವುದರಿಂದ ಗಟ್ಟಿ. ಈಗೀಗ ಅವುಗಳ ನಡುವೆ ಸತುವಿನ ತುಂಡುಗಳೂ ಸೇರಿರುತ್ತವೆ. ಸತು ಕರಗುವುದು 419 ಡಿಗ್ರಿಗೆ. ಉರಿ ಅದಕ್ಕಿಂತ ಕೆಳಗಿದ್ದರೆ ಸತು ಕರಗದೆ ಮೇಲೆ ತೇಲುತ್ತದೆ, ಎತ್ತಿ ಹಾಕಬಹುದು. ಕರಗಿ ಬೆರೆತರೆ ಎರಕ ಅಚ್ಚಿನಲ್ಲಿ ಸರಿಯಾಗಿ ತುಂಬುವುದೇ ಇಲ್ಲ. ಹಳೆ ಬ್ಯಾಟರಿ ಮಾತ್ರ ಯಾರೂ ಒಡೆಯಬೇಡಿ, ಕೈ ಮುಗಿದು ಹೇಳುತ್ತೇನೆ. ಅದರೊಳಗೆ ಆಸಿಡ್ ಇದೆ, ಅದರ ಸೀಸದಲ್ಲಿ ಬೆರೆತಿರಬಹುದಾದ ಆರ್ಸೆನಿಕ್‌ನಿಂದ ವಿಷದ ಗಾಳಿಯೂ ಹುಟ್ಟಬಹುದು.

ಅಚ್ಚನ್ನು ಲೇಥ್‌ ಅಂಗಡಿಯಲ್ಲಿ ಅಲ್ಯುಮಿನಿಯಂನಲ್ಲಿ ಮಾಡಿಸಿದೆ. ಎರಡು ಹೋಳು, ನಡುವೆ 10 ಮಿ.ಮೀ. ಅಗಲ, 25 ಮಿ.ಮೀ. ಉದ್ದದ ತೂತುಗಳು. ದಾರ ಪೋಣಿಸಲು ಕಂಡಿ ಬೇಕಲ್ವಾ, ಅದಕ್ಕೆ ಪ್ರತಿ ತೂತಿನ ನಡುವೆ 2 ಮಿ.ಮೀ. ಸೈಕಲ್ ಕಡ್ಡಿ ನಿಲ್ಲಿಸುತ್ತೇನೆ. ಒಂದು ಗುಂಡು ಸುಮಾರು 21 ಗ್ರಾಂ ತೂಗುತ್ತದೆ. ಕೈಯಿಂದ ಅಂಚಿನವರೆಗೆ 3 ಮೀಟರ್ ಇರುವ ಬಲೆಗೆ ಒಟ್ಟು 4.5 ಕಿಲೋ ಹತ್ತಿರ ಸೀಸ ಸಾಕು. ಅಚ್ಚಿನ ಒಳಮೈಗೆ, ಕಡ್ಡಿಗೆ ಮೇಣದಬತ್ತಿಯ ಮಸಿ ಹಿಡಿಸಿದರೆ ಗುಂಡು ಸಲೀಸಾಗಿ ಬಿಡುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಒಲೆಯ ಅಂಚಿನಲ್ಲಿ ಕಾಯಿಸಿಟ್ಟುಕೊಂಡರೆ ನುಣುಪಾಗಿ ಬರುತ್ತದೆ.

ಉರಿ 400 ಡಿಗ್ರಿ ದಾಟಲು ಬಿಡುವುದಿಲ್ಲ. ಇದಕ್ಕೆ ಒಳಗೆ ಅದ್ದುವ ಕಡ್ಡಿಯ ಥರ್ಮಾಮೀಟರ್ ಬೇಕು. ದೂರದಿಂದ ಹಿಡಿಯುವ ಗನ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ತಪ್ಪು ತೋರಿಸುತ್ತದೆ. ಸೀಸದ ಮೇಲ್ಮೈ ನೀಲಿ, ನೇರಳೆ ಬಣ್ಣಕ್ಕೆ ತಿರುಗಿದರೆ ಉರಿ ಜಾಸ್ತಿ ಆಯ್ತು ಅಂತಲೇ ಅರ್ಥ. ಕರಗಿದ ಮೇಲೆ ಚೂರು ಮೇಣ ಹಾಕಿ ಕಲಕುತ್ತೇನೆ. ಅದು ಹೊತ್ತಿಕೊಳ್ಳುತ್ತದೆ, ಹಿಂದೆ ಸರಿದು ನಿಲ್ಲಬೇಕು. ಆಮೇಲೆ ಮೇಲೆ ಬಂದ ಕಿಟ್ಟವನ್ನು ತೆಗೆದು ಮುಚ್ಚಳದ ಡಬ್ಬಿಗೆ ಹಾಕುತ್ತೇನೆ. ಆ ಬೂದಿಪುಡಿಯೇ ಎಲ್ಲಕ್ಕಿಂತ ಕೆಟ್ಟದ್ದು. ಹೊಲಕ್ಕೋ ಚರಂಡಿಗೋ ಚೆಲ್ಲಲೇಬಾರದು.

ಮನೆಯಲ್ಲೇ ಅಂದರೆ ಅಡುಗೆಮನೆಯಲ್ಲಿ ಅಲ್ಲ. ಹಿತ್ತಲಲ್ಲಿ, ಗಾಳಿಗೆ ಬೆನ್ನು ಮಾಡಿ. ಕಬ್ಬಿಣದ ಬಾಣಲೆ, ಸೌಟು ಇದಕ್ಕೇ ಮೀಸಲು. ಕನ್ನಡಕ, ಚರ್ಮದ ಕೈಗವಸು, ಬೂಟು, ಉದ್ದ ತೋಳಿನ ಹತ್ತಿ ಅಂಗಿ ಬೇಕೇ ಬೇಕು. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಸೀಸ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲಸದ ನಡುವೆ ಚಹಾ, ಬೀಡಿ, ಎಲೆ-ಅಡಿಕೆ ಯಾವುದೂ ಬೇಡ. ಬಟ್ಟೆ ಬೇರೆ ತೊಳೆಯಬೇಕು. ಸೋಪು ಹಚ್ಚಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಗಾಳಕ್ಕೂ ಸೀಸ ಮಾಡಿಕೊಡು ಅಂತ ಗೆಳೆಯರು ಕೇಳುತ್ತಾರೆ. ನಾನು ಮಾಡುವುದಿಲ್ಲ. ಬಲೆಯ ಗುಂಡು ಹಗ್ಗದಲ್ಲಿರುತ್ತದೆ, ಬಲೆ ಹಳೆಯದಾದರೆ ಬಿಚ್ಚಿ ಮತ್ತೆ ಕರಗಿಸಬಹುದು. ಗಾಳದ ಸಣ್ಣ ಸೀಸ ಹರಿದು ನೀರಲ್ಲೇ ಉಳಿಯುತ್ತದೆ. ನೀರುಹಕ್ಕಿಗಳು ಅದನ್ನು ಹರಳು ಅಂತ ನುಂಗಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸತ್ತಿದ್ದಕ್ಕೇ 1987ರಲ್ಲಿ ಗಾಳದ ಸಣ್ಣ ಸೀಸಗಳ ಮಾರಾಟ ನಿಲ್ಲಿಸಿದರು. ನಮ್ಮ ಹಿನ್ನೀರಿಗೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ ಬರುತ್ತವೆ. ಗಾಳಕ್ಕೆ ಬೇಕಾದವರಿಗೆ ಗ್ಯಾರೇಜಿನ ಹಳೆ ಕಬ್ಬಿಣದ ನಟ್ಟು ಕೊಡುತ್ತೇನೆ. ಅದರಲ್ಲೂ ಮೀನು ಬೀಳುತ್ತದೆ.