ತುರಿಕೆ ಗಿಡ ತಾಗಿದ ಮೊದಲ ಹತ್ತು ನಿಮಿಷ

ಬೇಲಿಯಂಚಿನ ಕಳೆ ಕೀಳುತ್ತಿದ್ದೆ. ಎಡಗೈಯ ಹಿಂಬದಿ ಯಾವುದೋ ಎಲೆಗೆ ಸವರಿತು, ಅಷ್ಟೇ. ಮುಳ್ಳು ಚುಚ್ಚಿದ ಹಾಗಿರಲಿಲ್ಲ. ಕಾದ ಎಣ್ಣೆ ಸಿಡಿದು ಹತ್ತಾರು ಹನಿ ಒಟ್ಟಿಗೇ ಬಿದ್ದ ಹಾಗಿತ್ತು. ಯಾರಾದರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ಬಲಗೈಯಿಂದ ಗಸಗಸ ಉಜ್ಜಿದೆ. ಅರ್ಧ ನಿಮಿಷದೊಳಗೆ ಬಲಗೈ ಬೆರಳುಗಳೂ ಚುರುಗುಟ್ಟತೊಡಗಿದವು. ಅದೇ ಕೈಯಲ್ಲಿ ಕುತ್ತಿಗೆಯ ಬೆವರು ಒರೆಸಿಕೊಂಡೆ, ಅಲ್ಲಿಗೂ ಹತ್ತಿತು. ಮನೆಯೊಳಗೆ ಹೋಗಿ ಕೈಗೆ ಸಿಕ್ಕ ಟೂತ್‌ಪೇಸ್ಟ್ ಬಳಿದುಕೊಂಡೆ. ರಾತ್ರಿ ಬಿಸಿನೀರು ಹೊಯ್ದುಕೊಂಡಾಗ ಆರಿದ್ದ ಉರಿಗೆ ಮತ್ತೆ ಜೀವ ಬಂತು. ಮಾರನೆಯ ದಿನ ಮಧ್ಯಾಹ್ನದವರೆಗೂ ಕೈ ಜುಮ್ಮೆನ್ನುತ್ತಲೇ ಇತ್ತು.

ಆಮೇಲೆ ಎಷ್ಟು ಸಲ ತಾಗಿಸಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ. ಮಣ್ಣು ಚೆನ್ನಾಗಿರುವ ಕಡೆ ಈ ಗಿಡ ತಾನೇ ಹುಡುಕಿಕೊಂಡು ಬರುತ್ತದೆ, ಕಿತ್ತಷ್ಟೂ ಬೇರಿನಿಂದ ಚಿಗುರುತ್ತದೆ. ಹೀಗಾಗಿ ಉರಿಗೆ ಏನೇನು ಹಚ್ಚುತ್ತಾರೋ ಅದರಲ್ಲಿ ಮುಕ್ಕಾಲು ಪಾಲನ್ನು ನಾನೂ ಹಚ್ಚಿ ನೋಡಿದ್ದೇನೆ. ಏನು ಹಚ್ಚಬೇಕು ಎನ್ನುವುದಕ್ಕಿಂತ ತಾಗಿದ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬಾರದು ಎನ್ನುವುದೇ ಹೆಚ್ಚು ಮುಖ್ಯ ಅಂತ ಗೊತ್ತಾಗಲು ನನಗೆ ನಾಲ್ಕು ಮಳೆಗಾಲ ಬೇಕಾಯಿತು.

ನಾನು ಹೇಳುತ್ತಿರುವುದು ನೆಟಲ್ ಜಾತಿಯ ಗಿಡದ ಬಗ್ಗೆ: ಗರಗಸದಂಚಿನ ಎಲೆ, ಕಾಂಡದ ಮೇಲೂ ಎಲೆಯ ಮೇಲೂ ರೋಮ. ಇದರ ಲ್ಯಾಟಿನ್ ಹೆಸರು ಉರ್ಟಿಕಾ, ಸುಡು ಎಂಬರ್ಥದ ‘ಉರೆರೆ’ ಎಂಬ ಮಾತಿನಿಂದ ಬಂದದ್ದು. ನಮ್ಮ ‘ಉರಿ’ಗೂ ಅದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ದಾಯಾದಿಗಳ ಹಾಗೆ ಕೇಳುತ್ತವೆ. ನಾವು ಪಿತ್ತಗಂಧೆ ಎನ್ನುವುದನ್ನು ವೈದ್ಯರು ಅರ್ಟಿಕೇರಿಯಾ ಎನ್ನುತ್ತಾರಲ್ಲ, ಆ ಹೆಸರೂ ಈ ಗಿಡದಿಂದಲೇ ಬಂದದ್ದು. ಗಿಡ ತಾಗಿದ ಜಾಗ ನೋಡಿದರೆ ಯಾಕೆಂದು ತಿಳಿಯುತ್ತದೆ. ನಡುವೆ ಬೆಳ್ಳಗೆ ಉಬ್ಬಿದ ಗಂಧೆ, ಸುತ್ತ ಕೆಂಪು.

ಒಮ್ಮೆ ಕತ್ತರಿಸಿದ ಕಾಂಡವೊಂದನ್ನು ಇಕ್ಕಳದಲ್ಲಿ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ಅಲ್ಲಿಯವರೆಗೆ ನಾನು ರೋಮ ಎಂದುಕೊಂಡಿದ್ದು ಒಂದಲ್ಲ, ಎರಡು ಬಗೆ. ಗಿಡ್ಡಗೆ ಮೆತ್ತಗಿರುವವು ಪಾಪದವು. ಅವುಗಳ ನಡುನಡುವೆ ಒಂದೆರಡು ಮಿಲಿಮೀಟರ್ ಉದ್ದದ ಗಾಜಿನಂಥ ಸೂಜಿಗಳು ನೆಟ್ಟಗೆ ನಿಂತಿದ್ದವು. ಬುಡದಲ್ಲಿ ಹಸಿರು ಗದ್ದುಗೆಯಂಥ ಊತ, ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ಪುಟ್ಟ ಗುಂಡು. ಗಾಜಿನಂಥ ಎಂದದ್ದು ಬರೀ ಹೋಲಿಕೆಯಲ್ಲ. ಮರಳಲ್ಲಿ, ಗಾಜಿನಲ್ಲಿ ಇರುವ ಸಿಲಿಕಾವೇ ಆ ತುದಿಯಲ್ಲೂ ಇದೆ. ಬೆಂಕಿಕಡ್ಡಿಯಿಂದ ಮೆಲ್ಲಗೆ ತಾಗಿಸಿದೆ. ಗುಂಡು ಟಕ್ಕನೆ ಹಾರಿಹೋಯಿತು. ಮುರಿದ ಜಾಗ ಇಂಜೆಕ್ಷನ್ ಸೂಜಿಯ ಮೊನೆಯ ಹಾಗೆ ಓರೆಯಾಗಿ ಉಳಿಯುತ್ತದೆ, ಬುಡದ ಊತದಲ್ಲಿರುವ ದ್ರವ ಆ ಸೂಜಿಯ ಮೂಲಕವೇ ಚರ್ಮದೊಳಕ್ಕೆ ಇಳಿಯುತ್ತದೆ. ಉಜ್ಜಿದರೆ ಯಾಕೆ ಹೆಚ್ಚಾಗುತ್ತದೆ ಎಂದು ಆ ದಿನವೇ ನನಗೆ ಅರ್ಥವಾದದ್ದು. ಚರ್ಮದ ಮೇಲೆ ಇನ್ನೂ ಮುರಿಯದೆ ಬಿದ್ದಿರುವ ಸೂಜಿಗಳನ್ನು ನಾವೇ ಒತ್ತಿ ಒಳಗಿಳಿಸುತ್ತಿರುತ್ತೇವೆ.

ಆ ದ್ರವದಲ್ಲಿ ಏನಿದೆ ಎನ್ನುವುದರ ಮೇಲೆ ಮನೆಮದ್ದಿನ ಅರ್ಧ ವಾದ ನಿಂತಿದೆ. ‘ಇರುವೆ ಕಚ್ಚಿದಾಗ ಬರುವ ಫಾರ್ಮಿಕ್ ಆಮ್ಲವೇ ಇದರಲ್ಲೂ ಇದೆ, ಆದ್ದರಿಂದ ಸೋಡಾ ಹಚ್ಚಿ ಆಮ್ಲ ಕೊಲ್ಲಬೇಕು’ ಎಂದು ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಆಮ್ಲ ಇರುವುದು ನಿಜ, ಆದರೆ ಅದೊಂದರಿಂದಲೇ ಇಷ್ಟು ಉರಿ ಬರುವುದಿಲ್ಲ. 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಈ ರೋಮಗಳ ರಸದಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಇವೆಯೆಂದು ತೋರಿಸಿದರು. 1956ರಲ್ಲಿ ಸೆರಟೋನಿನ್ ಕೂಡ ಇದೆಯೆಂದು ಗೊತ್ತಾಯಿತು. ಮೂರೂ ನಮ್ಮ ಮೈಯಲ್ಲೇ ಇರುವ ವಸ್ತುಗಳು. ನಮ್ಮದೇ ನರ, ರಕ್ತನಾಳಗಳ ಭಾಷೆಯಲ್ಲಿ ಗಿಡ ಸುಳ್ಳು ಸುದ್ದಿ ಕಳಿಸುತ್ತದೆ, ಮೈ ಅದನ್ನು ನಂಬಿ ಊದಿಕೊಳ್ಳುತ್ತದೆ. ಅದೂ ಚರ್ಮದ ಒಳಗೆ ನಡೆಯುವ ಕೆಲಸ. ಮೇಲೆ ಸವರಿದ ಸೋಡಾ ಅಲ್ಲಿಗೆ ಹೋಗಿ ಆಮ್ಲ ಹುಡುಕುತ್ತಾ ಕೂರುವುದಿಲ್ಲ.

ಹಾಗಾದರೆ ಸೋಡಾ ಹಚ್ಚಿದಾಗ ಹಾಯೆನಿಸುವುದು ಸುಳ್ಳೇ? ಸುಳ್ಳಲ್ಲ. ಒಂದು ಸಲ ಎರಡೂ ಮುಂಗೈಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಾಗಿತು. ಒಂದು ತಬ್ಬು ಕಳೆ ಹೊತ್ತು ಸಾಗಿಸುತ್ತಿದ್ದೆ, ನಡುವೆ ಇದು ಸೇರಿಕೊಂಡಿತ್ತು. ಹೇಗೂ ಆಗಿದ್ದು ಆಗಿದೆ, ನೋಡಿಯೇ ಬಿಡೋಣ ಎಂದು ಎಡಗೈಗೆ ಒಂದು ಚಮಚ ಅಡುಗೆ ಸೋಡಾವನ್ನು ನಾಲ್ಕು ಹನಿ ನೀರಲ್ಲಿ ಕಲಸಿ ಹಚ್ಚಿದೆ, ಬಲಗೈಗೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಮಾತ್ರ. ಮೊದಲ ಐದು ನಿಮಿಷ ಎರಡೂ ಕಡೆ ತಂಪು. ಸೋಡಾ ಒಣಗಿದ ಮೇಲೆ ಎಡಗೈ ಬಿಗಿದುಕೊಂಡು ನವೆ ಶುರುವಾಯಿತು. ಬಲಗೈಯ ಬಟ್ಟೆ ಬೆಚ್ಚಗಾದೊಡನೆ ಮತ್ತೆ ಅದ್ದಿಕೊಂಡೆ. ಒಂದು ಗಂಟೆಯ ಹೊತ್ತಿಗೆ ಗಂಧೆಗಳು ಎರಡೂ ಕಡೆ ಒಂದೇ ಥರ ಇಳಿದಿದ್ದವು. ಒಬ್ಬನ ಎರಡು ಕೈ ದೊಡ್ಡ ಪುರಾವೆಯೇನಲ್ಲ. ಆದರೂ ಅಂದಿನಿಂದ ಸೋಡಾ ಡಬ್ಬಿ ಹುಡುಕಿಕೊಂಡು ಓಡುವುದನ್ನು ಬಿಟ್ಟೆ. ನೀರು ಹತ್ತಿರದಲ್ಲಿದ್ದರೆ ಸಾಕು.

ಡಾಕ್ ಎಲೆಯ ಕಥೆ ಇದಕ್ಕಿಂತ ಸ್ವಾರಸ್ಯ. ನೆಟಲ್ ಪಕ್ಕದಲ್ಲೇ ಅಗಲ ಎಲೆಯ ಡಾಕ್ ಗಿಡ ಬೆಳೆಯುತ್ತದೆ, ಅದನ್ನು ಜಜ್ಜಿ ಹಚ್ಚಿದರೆ ಉರಿ ಶಮನ ಎನ್ನುವ ನಂಬಿಕೆ ತುಂಬಾ ಹಳೆಯದು. ಡಾಕ್ ರಸ ಕ್ಷಾರ, ಅದು ಆಮ್ಲವನ್ನು ಸರಿದೂಗಿಸುತ್ತದೆ ಎಂದು ವಿವರಣೆಯನ್ನೂ ಕೊಡುತ್ತಾರೆ. ಆದರೆ ಡಾಕ್ ಎಲೆಯಲ್ಲಿ ಇರುವುದು ಆಕ್ಸಾಲಿಕ್ ಆಮ್ಲ, ರಸ ಹುಳಿ! ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಆದರೂ ನಾನು ಎಷ್ಟೋ ಸಲ ಅದನ್ನು ಹಿಂಡಿ ಹಚ್ಚಿದ್ದೇನೆ, ಹಾಯೆನಿಸಿದೆ. ರಸ ಆರುವಾಗ ತಂಪು ಕೊಡುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ಎಂದರೆ ಎಲೆ ಹುಡುಕಿ, ಕಿತ್ತು, ಹೊಸಕಿ, ಹನಿ ಬರಿಸಿ ಹಚ್ಚುವಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ, ಅಷ್ಟು ಹೊತ್ತು ಉಗುರು ಚರ್ಮಕ್ಕೆ ತಾಗಿರುವುದಿಲ್ಲ. ಮನೆಮದ್ದುಗಳ ಗುಟ್ಟು ಬಹುಪಾಲು ಇಷ್ಟೇ ಎಂಬುದು ನನ್ನ ಅನುಮಾನ: ಕೈಗೊಂದು ಕೆಲಸ ಕೊಟ್ಟು ಕೆರೆಯದ ಹಾಗೆ ತಡೆಯುವುದು.

ಲೋಳೆಸರ ಒಳ್ಳೆಯದು, ತಂಪಿರುವಷ್ಟು ಹೊತ್ತು. ಫ್ರಿಜ್ಜಿನಲ್ಲಿಟ್ಟದ್ದಾದರೆ ಇನ್ನೂ ಒಳ್ಳೆಯದು. ವಿನೆಗರ್ ಹಚ್ಚಿದಾಗ ಕೆರೆದು ಗೀರಾದ ಕಡೆ ಬೇರೆಯೇ ಉರಿ ಸೇರಿಕೊಂಡಿತು, ಇನ್ನು ಅದರ ಸುದ್ದಿಗೆ ಹೋಗುವುದಿಲ್ಲ. ಟೂತ್‌ಪೇಸ್ಟ್ ಬಾಯಿಗೇ ಇರಲಿ. ಎಣ್ಣೆಯನ್ನು ಮೊದಲೇ ಹಚ್ಚುವುದು ಮಾತ್ರ ನನ್ನ ಲೆಕ್ಕದಲ್ಲಿ ತಪ್ಪು. ಅದು ಸೂಜಿಗಳನ್ನು ಹೊರಗೆ ತರುವುದಿಲ್ಲ, ಮೇಲಾಗಿ ಜಿಡ್ಡಿನ ಮೇಲೆ ಟೇಪ್ ಅಂಟುವುದಿಲ್ಲ.

ಟೇಪ್ ಅಂದೆನಲ್ಲ, ನನ್ನ ಕ್ರಮ ಅಲ್ಲಿಂದಲೇ ಶುರುವಾಗುವುದು. ತಾಗಿದ ಕೂಡಲೇ ಆ ಕೈಯನ್ನು ಮೈಯಿಂದ ದೂರ ಹಿಡಿಯುತ್ತೇನೆ, ಇನ್ನೊಂದು ಕೈಯಿಂದ ಮುಟ್ಟುವುದಿಲ್ಲ. ಹೇಳುವುದು ಸುಲಭ, ಮೊದಲ ಒಂದು ನಿಮಿಷ ಹಲ್ಲು ಕಚ್ಚಿಕೊಂಡೇ ಇರಬೇಕು. ನಂತರ ನೀರನ್ನು ಮೇಲಿನಿಂದ ಹೊಯ್ದುಕೊಳ್ಳುತ್ತೇನೆ, ಉಜ್ಜುವುದಿಲ್ಲ. ಹತ್ತಿರ ನೀರಿಲ್ಲದಿದ್ದರೆ ಹಾಗೇ ಒಣಗಲು ಬಿಡುತ್ತೇನೆ. ಒಣಗಿದ್ದನ್ನು ಆಮೇಲೆ ತೊಳೆಯಬಹುದು, ಉಜ್ಜಿ ಹರಡಿದ್ದನ್ನು ಹಿಂದಕ್ಕೆ ತರಲಾಗದು. ಚರ್ಮ ಒಣಗಿದ ಮೇಲೆ ಅಗಲದ ಅಂಟುಟೇಪ್ ತುಂಡನ್ನು ಹಗುರವಾಗಿ ಇಟ್ಟು ಒಂದೇ ಏಟಿಗೆ ಎಳೆಯುತ್ತೇನೆ. ಒತ್ತಿ ಅಂಟಿಸಬಾರದು, ಒತ್ತಿದರೆ ಉಜ್ಜಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಪ್ರತಿ ಸಲ ಹೊಸ ತುಂಡು, ಮೂರು ನಾಲ್ಕು ಬಾರಿ. ಅದಾದ ಮೇಲೆಯೇ ಸೋಪು, ಹರಿಯುವ ನೀರು. ಕೊನೆಗೆ ಒದ್ದೆಬಟ್ಟೆ, ಇಲ್ಲವೇ ಬಟ್ಟೆಯಲ್ಲಿ ಸುತ್ತಿದ ಐಸು, ಹತ್ತು ಹದಿನೈದು ನಿಮಿಷ. ಐಸನ್ನು ನೇರವಾಗಿ ಚರ್ಮಕ್ಕಿಟ್ಟು ಇನ್ನೊಂದು ಗಾಯ ಮಾಡಿಕೊಳ್ಳುವುದು ಬೇಡ. ಆ ದಿನ ಬಿಸಿನೀರಿನ ಸ್ನಾನ ಇಲ್ಲ. ಕೆಲಸದ ಅಂಗಿ ಬೇರೆ ಬಟ್ಟೆಯ ಜೊತೆ ಸೇರುವುದಿಲ್ಲ, ತೋಳಿನಲ್ಲಿ ಸಿಕ್ಕಿಕೊಂಡ ರೋಮ ಮನೆಯವರಿಗೆಲ್ಲ ಹಂಚಿಕೆಯಾಗುತ್ತದೆ. ಇದನ್ನೂ ಕೆಟ್ಟೇ ಕಲಿತದ್ದು.

ಮಕ್ಕಳಿಗೆ ತಾಗಿದರೆ ಕಷ್ಟ ಬೇರೆ. ‘ಉಜ್ಜಬೇಡ’ ಎಂದಷ್ಟೂ ಉಜ್ಜುತ್ತಾರೆ. ನಾನು ಕಂಡುಕೊಂಡ ಉಪಾಯ ಇದು: ಒದ್ದೆಬಟ್ಟೆಯನ್ನು ಅವರ ಕೈಗೇ ಕೊಟ್ಟು, ಮುನ್ನೂರು ಎಣಿಸುವವರೆಗೆ ಅಲುಗಿಸದೆ ಹಿಡಿದುಕೊಂಡರೆ ಗೆದ್ದ ಹಾಗೆ ಎನ್ನುವುದು. ನೂರೈವತ್ತಕ್ಕೆ ಎಣಿಕೆ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಉರಿಯ ಮೊನೆ ಮುರಿದಿರುತ್ತದೆ.

ರಾತ್ರಿ ನಿದ್ದೆಗೆಡಿಸುವಷ್ಟು ನವೆ ಇದ್ದರೆ ಕ್ಯಾಲಮೈನ್ ಹಚ್ಚುತ್ತೇನೆ. ದೊಡ್ಡವರು ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆ ಸೆಟ್ರಿಜಿನ್ 10 ಮಿಲಿಗ್ರಾಂ ನುಂಗುವುದುಂಟು, ಗಂಧೆ ಇಳಿಯಲು ಸಹಾಯವಾಗುತ್ತದೆ. ಆದರೆ ಹಿಸ್ಟಮಿನ್ ಜೊತೆ ಬೇರೆ ವಸ್ತುಗಳೂ ಇರುವುದರಿಂದ ಜುಮ್ಮೆನ್ನುವುದು ಪೂರ್ತಿ ನಿಲ್ಲುತ್ತದೆಂದು ಕಾಯಬೇಡಿ. ನಿದ್ದೆ ತೂಗಿಸುತ್ತದೆ, ನುಂಗಿ ವಾಹನ ಓಡಿಸಬೇಡಿ. ಮಕ್ಕಳಿಗೆ, ಬಸುರಿಯರಿಗೆ, ಬೇರೆ ಔಷಧಿ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ನಸುಗುನ್ನಿಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ. ಅದು ಬಳ್ಳಿ, ಕಾಯಿಯ ಮೇಲೆ ಕಂದು ಮಖಮಲ್ಲಿನಂಥ ಸುಂಕು. ಅದರ ತುರಿಕೆಗೆ ಮುಖ್ಯ ಕಾರಣ ಹಿಸ್ಟಮಿನ್ ಅಲ್ಲ, ಮ್ಯೂಕುನೈನ್ ಎಂಬ ಪ್ರೋಟೀನು ಸೀಳುವ ಕಿಣ್ವ. ಅದಕ್ಕೇ ಅಲರ್ಜಿ ಮಾತ್ರೆ ಅಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸುಂಕು ಗಾಳಿಗೂ ಹಾರುತ್ತದೆ, ಬಟ್ಟೆ ಕಳಚಿ ಬೇರೆ ಇಡುವುದು ಅಲ್ಲಿ ಮೊದಲ ಕೆಲಸ. ಉಜ್ಜಬಾರದು, ಟೇಪ್ ಹಾಕಬೇಕು ಎನ್ನುವುದು ಮಾತ್ರ ಎರಡಕ್ಕೂ ಒಂದೇ. ಕಂಬಳಿಹುಳದ ರೋಮಕ್ಕೂ ಅಷ್ಟೇ.

ಎಲ್ಲ ತುರಿಕೆ ಗಿಡವೂ ಮನೆಮದ್ದಿಗೆ ಬಗ್ಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಇದೇ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿನ ಜಿಂಪಿ ಜಿಂಪಿ ತಾಗಿದರೆ ನೋವು ತಿಂಗಳುಗಟ್ಟಲೆ ಮರುಕಳಿಸುತ್ತದೆ. ನ್ಯೂಜಿಲ್ಯಾಂಡಿನ ಮರದಂಥ ನೆಟಲ್ ತಾಗಿ 1961ರಲ್ಲಿ ಒಬ್ಬ ಸತ್ತೇ ಹೋದ. ನಮ್ಮ ಕೈಗೆ ಸಾಮಾನ್ಯವಾಗಿ ತಾಗುವ ನೆಟಲ್ ಅಂಥದ್ದಲ್ಲ, ಕೆಲವು ಗಂಟೆ ಆಟವಾಡಿಸಿ, ಹೆಚ್ಚೆಂದರೆ ಒಂದು ದಿನ ಜುಮ್ಮೆನಿಸಿ ಬಿಡುತ್ತದೆ. ಆದರೆ ತಾಗದ ಕಡೆಯೂ ಮೈಯೆಲ್ಲ ಗಂಧೆ ಎದ್ದರೆ, ತುಟಿ ನಾಲಗೆ ಊದಿದರೆ, ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಟೇಪ್ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆ. ಕಣ್ಣಿಗೆ ಬಿದ್ದಿದ್ದರೆ ಉಜ್ಜದೆ ಶುದ್ಧ ನೀರು ಬಿಡುತ್ತಲೇ ವೈದ್ಯರ ಬಳಿ ಹೋಗಬೇಕು.

ಈಗ ಮೊಣಕೈವರೆಗಿನ ದಪ್ಪ ಕೈಗವಸು ಹಾಕುತ್ತೇನೆ, ತೆಳು ಬಟ್ಟೆಯದ್ದರಲ್ಲಿ ಸೂಜಿ ತೂರಿಕೊಂಡು ಬರುತ್ತದೆ. ಗಟ್ಟಿಯಾಗಿ ಹಿಡಿದರೆ ಚುಚ್ಚುವುದಿಲ್ಲ ಎನ್ನುವ ಮಾತಿನಲ್ಲಿ ಸತ್ಯವಿದೆ. ಬುಡದಿಂದ ಮೇಲಕ್ಕೆ ಸವರಿ ಹಿಡಿದರೆ ರೋಮ ಮಡಚಿಕೊಳ್ಳುತ್ತದೆ. ಅದನ್ನು ಬರಿಗೈಯಲ್ಲಿ ತೋರಿಸಲು ಹೋಗಿ ಎರಡು ಸಲ ನಗೆಪಾಟಲಾಗಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಕಳೆದ ವಾರ ತಾಗಿತು. ಹಿಂದಿನ ದಿನ ಕಿತ್ತು ರಾಶಿ ಹಾಕಿದ್ದ ಗಿಡ, ಬಾಡಿ ಜೋತುಬಿದ್ದಿತ್ತು. ಸತ್ತಿದೆ ಎಂದುಕೊಂಡು ಕೈಗವಸು ಕಳಚಿ ಎತ್ತಿದೆ. ಪೂರ್ತಿ ಒಣಗಿ ಗರಿಗರಿಯಾಗುವವರೆಗೆ ಅದು ಸತ್ತ ಲೆಕ್ಕವಲ್ಲ. ಹೆಬ್ಬೆರಳಿನ ಬುಡ ಚುರ್ರೆಂದಿತು. ಜೇಬಿನಿಂದ ಟೇಪ್ ತೆಗೆದು ಇಟ್ಟು ಎಳೆದೆ, ಬಿಸಿಲಿಗೆ ಹಿಡಿದೆ. ಅಂಟಿನ ಮೇಲೆ ಗಾಜಿನ ಎಳೆಗಳಂತೆ ಹೊಳೆಯುತ್ತಿದ್ದವು. ಎಣಿಸಿದೆ, ಹದಿನೇಳು. ಎರಡನೆಯ ತುಂಡಿನಲ್ಲಿ ನಾಲ್ಕು. ಮೂರನೆಯದರಲ್ಲಿ ಏನೂ ಇರಲಿಲ್ಲ.