ಹಡಗು ಬಿಟ್ಟು ಓಡುವುದು ನಿಂತದ್ದು ಸಾಲದ ಲೆಕ್ಕ ಕೇಳಿದ ಮೇಲೆ

ಕ್ರೂಸ್ ಹಡಗಿನ ಕ್ರೂ ಆಫೀಸಿನಲ್ಲಿ ಕೂತವರಿಗೆ ಈ ತಲೆನೋವು ಗೊತ್ತೇ ಇದೆ. ಶೋರ್ ಲೀವ್‌ಗೆ, ಅಂದರೆ ಬಂದರಿನಲ್ಲಿ ಸುತ್ತಾಡಲು ಕೊಡುವ ರಜೆಗೆ ಇಳಿದ ಹುಡುಗ ಹಡಗು ಹೊರಡುವ ಹೊತ್ತಿಗೆ ಗ್ಯಾಂಗ್‌ವೇಗೆ (ಹಡಗು ಹತ್ತುವ ಸೇತುವೆಗೆ) ಬರುವುದಿಲ್ಲ. ಆಮೇಲೆ ಇಮಿಗ್ರೇಶನ್ ದಂಡ, ಪೋರ್ಟ್ ಏಜೆಂಟನ ಬಿಲ್ಲು, ಬದಲಿಯವನ ವಿಮಾನದ ಟಿಕೆಟ್. ನಮ್ಮಲ್ಲಿ ಒಬ್ಬ ಓಡಿದರೆ ಹೆಚ್ಚುಕಮ್ಮಿ ಎಂಟು-ಹತ್ತು ಸಾವಿರ ಡಾಲರ್ ಹೋಗುತ್ತಿತ್ತು.

ಬಿಗಿ ಮಾಡಿ ಅಂತಲೇ ಎಲ್ಲರ ಸಲಹೆ. ಅನುಮಾನ ಬಂದವರ ಶೋರ್ ಲೀವ್ ನಿಲ್ಲಿಸಿದರು, ಗ್ಯಾಂಗ್‌ವೇಯಲ್ಲಿ ಕಾವಲು ಹೆಚ್ಚಿಸಿದರು. ಆ ಸೀಸನ್‌ನಲ್ಲೂ ಓಡಿದರು, ಅದೂ ಯಾರೂ ಅನುಮಾನಿಸದವರು.

ನಾನು ಈ ಕೆಲಸ ಸಿಗಲು ಹುಡುಗರು ಮಾಡಿಕೊಂಡ ಸಾಲದ ಲೆಕ್ಕ ಕೇಳಲು ಶುರು ಮಾಡಿದೆ. "ನಿಮ್ಮ ಹತ್ರ ಯಾರು ನಿಜ ಹೇಳ್ತಾರೆ?" ಅಂತ ಮೇಲಿನವರು ನಕ್ಕರು. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ನಾವಿಕರಿಂದ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ವೀಸಾ ಖರ್ಚೂ ಮಾಲೀಕರದ್ದೇ. ಕಾಗದದ ಮೇಲೆ, ಹಡಗಿಗೆ ಜನ ಒದಗಿಸುವ ಮ್ಯಾನಿಂಗ್ ಏಜೆಂಟರೆಲ್ಲ ಸರಿಯಾಗಿಯೇ ಇರುತ್ತಾರೆ. ದುಡ್ಡು ಹೋಗುವುದು ಅವರಿಗೆ ಹುಡುಗರನ್ನು ಹುಡುಕಿಕೊಡುವ ಸಬ್ ಏಜೆಂಟನ ಕೈಗೆ, ಟ್ರೇನಿಂಗ್ ಹೆಸರಲ್ಲಿ.

ಗ್ಯಾಲಿಯಲ್ಲಿ (ಹಡಗಿನ ಅಡುಗೆಮನೆಯಲ್ಲಿ) ಪಾತ್ರೆ ತೊಳೆಯುವ ಒಬ್ಬ ಹುಡುಗನ ಲೆಕ್ಕ ನೋಡಿ. ಸಂಬಳ ಸುಮಾರು 700 ಡಾಲರ್. ಸಾಲ 3,000ದ ಹತ್ತಿರ, ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಮನೆಗೆ 450 ಕಳಿಸಿ ಮಿಕ್ಕಿದ್ದೆಲ್ಲ ಸಾಲಕ್ಕೇ ಕಟ್ಟಿದರೂ ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್ ಮುಗಿಯುವಾಗ ಅರ್ಧಕ್ಕಿಂತ ಜಾಸ್ತಿ ಬಾಕಿ. ಹಡಗು ರಾತ್ರಿ ತಂಗುವ ಬಂದರು ಬಂತೆಂದರೆ ಅವನ ಫೋನಿಗೆ ಮೆಸೇಜ್: "ಇಳಿದು ಬಾ, ಡಬಲ್ ಸಂಬಳ." ಕಳಿಸುತ್ತಿದ್ದವನು ಆ ಸಬ್ ಏಜೆಂಟನ ಕಡೆಯವನೇ. ಇಳಿದರೆ ಪಾಸ್‌ಪೋರ್ಟ್ ಹಡಗಿನಲ್ಲಿ, ಕೈಯಲ್ಲಿ ವೀಸಾ ಇಲ್ಲ, ಪೊಲೀಸರ ಹತ್ತಿರ ಹೋಗಲು ಭಯ. ಮಾನವ ಸಾಗಣೆ ಮಾಡುವವರಿಗೆ ಬೇಕಾದದ್ದೇ ಇಂಥವನು.

ಈಗ ಹೊಸದಾಗಿ ಸೈನ್ ಆನ್ ಆದ, ಅಂದರೆ ಹಡಗಿನ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರ ಜೊತೆ ಅವರ ಭಾಷೆ ಬಲ್ಲ, ಬೇರೆ ಡಿಪಾರ್ಟ್‌ಮೆಂಟಿನವರು ಕೂತು ಮಾತಾಡುತ್ತಾರೆ. ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಬರೆಯುವುದಿಲ್ಲ. ಏಜೆಂಟರೂ ಓದುತ್ತಾರೆ, ಉತ್ತರ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ಫೀಸು ಕೊಟ್ಟದ್ದು ಖಚಿತವಾದರೆ ಕಂಪನಿ ಅದನ್ನು ಹುಡುಗನಿಗೆ ವಾಪಸ್ ಕೊಟ್ಟು, ಮ್ಯಾನಿಂಗ್ ಏಜೆಂಟನ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತದೆ. ಒಬ್ಬ ಏಜೆಂಟ್ ಜಗಳ ಆಡಿ ಹೋದ. ಉಳಿದವರು ದಾರಿಗೆ ಬಂದರು. ಮೊದಲ ವರ್ಷ ನಲವತ್ತು ಸಾವಿರ ಡಾಲರ್ ಆಸುಪಾಸು ಕೊಟ್ಟೆವು. ಅಕೌಂಟ್ಸ್‌ನವರು ಗೊಣಗಿದರು. ಅದರಲ್ಲಿ ಮುಕ್ಕಾಲು ಪಾಲು ಏಜೆಂಟರಿಂದ ವಸೂಲಾಯಿತು.

ನಡುವೆ ಕ್ರೂ ಮೆಸ್‌ನಲ್ಲಿ ದೂರು ಪೆಟ್ಟಿಗೆಯನ್ನೂ ಇಟ್ಟು ನೋಡಿದೆ. ಬರೀ ಊಟದ ದೂರು ಬಂತು. ಕ್ಯಾಮೆರಾ ಕೆಳಗಿನ ಪೆಟ್ಟಿಗೆಗೆ ಯಾರು ಸಾಲದ ವಿಷಯ ಹಾಕ್ತಾರೆ, ಅಲ್ವಾ? ಹಡಗಿನಲ್ಲಿ ಇಟ್ಟುಕೊಂಡ ಪಾಸ್‌ಪೋರ್ಟನ್ನು ಹುಡುಗರು ಕೇಳಿದ ತಕ್ಷಣ ಅವರಿಗೆ ಕೊಡಬೇಕು ಅಂತ ನಿಯಮ ಮಾಡಿಸಿದ್ದು ಮಾತ್ರ ಫಲ ಕೊಟ್ಟಿತು. ಎಲ್ಲರೂ ಓಡಿಹೋಗ್ತಾರೆ ಅಂತ ಹೆದರಿಸಿದ್ದರು. ಹಾಗೆ ತೆಗೆದುಕೊಂಡು ಹೋದವರು ಒಬ್ಬರೂ ಓಡಲಿಲ್ಲ.

ಮುಂಚೆ ಒಂದು ಸೀಸನ್‌ಗೆ ಹತ್ತು-ಹನ್ನೆರಡು ಜನ ಓಡುತ್ತಿದ್ದರು. ಈಗ ಒಬ್ಬಿಬ್ಬರು. ನಕ್ಕವರೇ ಕರೆದು ಇನ್ನೊಂದು ಹಡಗಿನಲ್ಲೂ ಶುರು ಮಾಡಿ ಅಂದಿದ್ದಾರೆ. ಅಲ್ಲಿನ ಸಬ್ ಏಜೆಂಟರು ರಸೀದಿಯನ್ನೇ ಕೊಡುವುದಿಲ್ಲ. ಹಾಗಾಗಿ ದುಡ್ಡು ಕಳಿಸಿದ ಫೋನ್ ಸ್ಕ್ರೀನ್‌ಶಾಟ್ ಇದ್ದರೂ ಸಾಕ್ಷಿ ಅಂತ ಒಪ್ಪುತ್ತಿದ್ದೇವೆ.