ಎಡಿನ್‌ಬರಾಕ್ಕೆ ಹೊರಟಿರುವ ನಮ್ಮ ಕರಾವಳಿಯವರಿಗೆ: ಸಾರ್ವಜನಿಕ ಉಪನ್ಯಾಸಗಳ ಬಗ್ಗೆ

ಪ್ರತಿ ಆಗಸ್ಟ್‌ನಲ್ಲಿ ನಾನು ರಜೆಗೆ ಉಡುಪಿಗೆ ಬಂದಾಗ, ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕೆ ಹೊರಡಲಿರುವ ಮಕ್ಕಳೂ ಅವರ ತಂದೆತಾಯಿಯೂ ಮನೆಗೆ ಬಂದು ಬಾಡಿಗೆ ಕೋಣೆ, ಕುಚ್ಚಲಕ್ಕಿ, ಚಳಿಯ ಕೋಟು, ಅರೆಕಾಲಿಕ ಕೆಲಸ ಎಲ್ಲವನ್ನೂ ವಿವರವಾಗಿ ವಿಚಾರಿಸುತ್ತಾರೆ. ಅವೆಲ್ಲ ಬೇಕಾದ ವಿಷಯಗಳೇ. ಆದರೆ ಯಾರೂ ಕೇಳದ ಒಂದು ಸಂಗತಿಯನ್ನು ಈ ಸಲ ಬರೆದೇ ತಿಳಿಸಬೇಕೆನಿಸಿತು: ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಮತ್ತು ತತ್ತ್ವಶಾಸ್ತ್ರದ ಮೇಲೆ ನಡೆಯುವ ಸಾರ್ವಜನಿಕ ಉಪನ್ಯಾಸಗಳು.

‘ಸಾರ್ವಜನಿಕ’ ಎಂಬ ಮಾತನ್ನು ಅದರ ಪೂರ್ಣ ಅರ್ಥದಲ್ಲಿ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ದುಡಿಯುವ ನರ್ಸ್, ಸಂಗಾತಿಯ ವೀಸಾದ ಮೇಲೆ ಬಂದು ಮನೆಯಲ್ಲಿರುವವರು, ಮಗಳ ಬಾಣಂತನಕ್ಕೆಂದು ಬಂದ ತಾಯಿ, ಇವರೆಲ್ಲರಿಗೂ ಅಲ್ಲಿ ವಿದ್ಯಾರ್ಥಿಯಷ್ಟೇ ಹಕ್ಕಿನ ಕುರ್ಚಿ ಇದೆ. ನಾನು ಇದನ್ನು ತಿಳಿಯದೆ, ಭಿತ್ತಿಪತ್ರಗಳನ್ನು ದಾರಿಯಲ್ಲಿ ಓದಿಯೂ ಅವು ಒಳಗಿನವರಿಗೆ ಮಾತ್ರ ಎಂದುಕೊಂಡು, ಮೊದಲ ಎರಡು ವರ್ಷಗಳನ್ನು ಕಳೆದುಕೊಂಡೆ. ನಿಮಗೆ ಹಾಗಾಗಬಾರದು.

ಮೊದಲು ತಿಳಿಯಬೇಕಾದ ಹೆಸರು ಗಿಫರ್ಡ್ ಉಪನ್ಯಾಸಮಾಲೆ. ನ್ಯಾಯಾಧೀಶರಾಗಿದ್ದ ಆಡಮ್ ಗಿಫರ್ಡ್ 1887ರಲ್ಲಿ ತೀರಿಕೊಂಡಾಗ ಎಡಿನ್‌ಬರಾ, ಗ್ಲಾಸ್ಗೊ, ಅಬರ್ಡೀನ್ ಮತ್ತು ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯಗಳಿಗೆ ಒಟ್ಟು 80,000 ಪೌಂಡ್ ಬಿಟ್ಟುಹೋದರು. ದೇವರು, ಜಗತ್ತು, ನೀತಿ ಇವುಗಳ ವಿಚಾರವನ್ನು ಯಾವುದೇ ಶ್ರುತಿಪ್ರಮಾಣದ ಆಸರೆಯಿಲ್ಲದೆ ವಿಜ್ಞಾನದಂತೆಯೇ ಪರೀಕ್ಷಿಸಬೇಕು, ಮಾತನಾಡುವವರು ಯಾವ ಮತದವರಾದರೂ ಅಥವಾ ಮತವೇ ಇಲ್ಲದವರಾದರೂ ಆಗಬಹುದು, ಉಪನ್ಯಾಸಗಳು ಊರಿನ ಎಲ್ಲರಿಗೂ ತೆರೆದಿರಬೇಕು ಎಂಬುದು ಅವರ ಉಯಿಲಿನ ಆಶಯವಾಗಿತ್ತು. 1888ರಲ್ಲಿ ಆರಂಭವಾದ ಈ ಪರಂಪರೆಯಲ್ಲಿ ತತ್ತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್, ರಾಜಕೀಯ ಚಿಂತಕಿ ಹ್ಯಾನಾ ಅರೆಂಟ್, ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಮಾತನಾಡಿದ್ದಾರೆ.

1927ರಲ್ಲಿ ಎಡಿನ್‌ಬರಾದಲ್ಲಿ ಈ ಪೀಠದಿಂದ ಮಾತನಾಡಿದವರು ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್. 1919ರ ಸೂರ್ಯಗ್ರಹಣದಲ್ಲಿ ನಕ್ಷತ್ರದ ಬೆಳಕು ಸೂರ್ಯನ ಬಳಿ ಬಾಗುವುದನ್ನು ಅಳೆದ ತಂಡಗಳ ಮುಂದಾಳುಗಳಲ್ಲಿ ಒಬ್ಬರು ಇವರು. ಆ ಉಪನ್ಯಾಸಗಳನ್ನು ಬರೆಯಲು ಕುಳಿತಾಗ ತಮ್ಮ ಎದುರು ಎರಡು ಮೇಜುಗಳಿವೆ ಎಂದರು ಅವರು: ಒಂದು ಕೈಗೆ ಗಟ್ಟಿಯಾಗಿ ತಾಕುವ ದಿನಬಳಕೆಯ ಮೇಜು, ಇನ್ನೊಂದು ಭೌತವಿಜ್ಞಾನ ಹೇಳುವ, ಬಹುಪಾಲು ಶೂನ್ಯವೇ ಆಗಿದ್ದು ಅದರೊಳಗೆ ವಿದ್ಯುತ್ಕಣಗಳು ಓಡಾಡುವ ಮೇಜು. ಇವೆರಡರಲ್ಲಿ ಸತ್ಯ ಯಾವುದು? ಜಗತ್ತು ಸತ್ಯವೆಂದು ಸಾರಿದ ಮಧ್ವಾಚಾರ್ಯರ ಊರಿನಿಂದ ಹೋದವರಿಗೆ ಈ ಪ್ರಶ್ನೆ ಹೊಸದೆನಿಸುವುದಿಲ್ಲ. ನಾನು ಇದನ್ನು ಮೊದಲು ಓದಿದಾಗ ಪರದೇಶದಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಂತಾಯಿತು.

ಈ ಕಾರಣದಿಂದಲೇ ಪ್ರಶ್ನೋತ್ತರದ ಸಮಯದ ಬಗ್ಗೆ ಹೆಚ್ಚು ಹೇಳಬೇಕು. ಉಪನ್ಯಾಸ ಒಂದು ಗಂಟೆಯಾದರೆ ಕೊನೆಯ ಹದಿನೈದು ಇಪ್ಪತ್ತು ನಿಮಿಷ ಸಭೆಗೆ ಮೀಸಲು, ಮತ್ತು ನಮ್ಮವರು ಆಗ ತಲೆ ತಗ್ಗಿಸಿ ಕುಳಿತಿರುವುದನ್ನು ಕಂಡು ನನಗೆ ನಿಜವಾಗಿ ನೋವಾಗಿದೆ. ಕೃಷ್ಣಮಠದ ರಾಜಾಂಗಣದಲ್ಲಿ ನಡೆಯುವ ಶಾಸ್ತ್ರಚರ್ಚೆಯ ವಾಕ್ಯಾರ್ಥ ಸಭೆಯಲ್ಲಿ ಎದುರಾಳಿಯ ವಾದವಾದ ಪೂರ್ವಪಕ್ಷವನ್ನು ಪೂರ್ತಿಯಾಗಿ ಮಂಡಿಸಿದ ಮೇಲೆಯೇ ಖಂಡನೆಗೆ ತೊಡಗುವುದನ್ನು ನೀವು ಕೇಳಿರಬಹುದು; ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಎಸೆದ ಮಾತನ್ನು ಇನ್ನೊಬ್ಬರು ಅಲ್ಲಿಯೇ ಹಿಡಿದು ಬೆಳೆಸುವುದನ್ನಂತೂ ಕೇಳಿಯೇ ಇರುತ್ತೀರಿ. ಆ ಕಿವಿ ಇಲ್ಲಿ ನಿಮ್ಮ ಕೆಲಸಕ್ಕೆ ಬರುತ್ತದೆ. ಉಪನ್ಯಾಸಕರು ಹೇಳಿದ ಒಂದು ಮಾತನ್ನು ಒಂದೇ ವಾಕ್ಯದಲ್ಲಿ ಸರಿಯಾಗಿ ಪುನರುಚ್ಚರಿಸಿ, ನಂತರ ನಿಮ್ಮ ಸಂದೇಹವನ್ನು ಇನ್ನೊಂದು ವಾಕ್ಯದಲ್ಲಿ ಕೇಳಿ ಕುಳಿತುಕೊಳ್ಳಿ. ಇಂಗ್ಲಿಷಿನ ಉಚ್ಚಾರಣೆಯ ಬಗ್ಗೆ ಅಂಜಬೇಡಿ. ಸ್ಕಾಟ್ಲೆಂಡಿನವರ ಇಂಗ್ಲಿಷಿಗೂ ಅದರದೇ ಆದ ರಾಗವಿದೆ, ಅವರು ತಾಳ್ಮೆಯಿಂದ ಕೇಳುತ್ತಾರೆ. ದೀರ್ಘ ಪೀಠಿಕೆ ಮಾತ್ರ ಬೇಡ.

ಗಿಫರ್ಡ್ ಅಲ್ಲದೆ, ಹೊಸದಾಗಿ ಪ್ರಾಧ್ಯಾಪಕರಾದವರು ನೀಡುವ ಪ್ರಥಮ ಉಪನ್ಯಾಸಗಳೂ ಇವೆ. ತಮ್ಮ ಜೀವಮಾನದ ಸಂಶೋಧನೆಯನ್ನು ಬೇರೆ ಕ್ಷೇತ್ರದವರಿಗೂ ತಿಳಿಯುವಂತೆ ಹೇಳಲೇಬೇಕಾದ ಸಂದರ್ಭ ಅದಾದ್ದರಿಂದ ಹೊಸಬರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಭೌತವಿಜ್ಞಾನದ ಆಸಕ್ತರು ಪೀಟರ್ ಹಿಗ್ಸ್ ಅವರ ಹೆಸರಿನ ಕೇಂದ್ರದ ಪ್ರಕಟಣೆಗಳನ್ನು ಗಮನಿಸಲಿ. 2013ರಲ್ಲಿ ನೊಬೆಲ್ ಪಡೆದ ಅವರು ಇದೇ ವಿಶ್ವವಿದ್ಯಾಲಯದಲ್ಲಿದ್ದವರು. ವಸಂತದಲ್ಲಿ ವಿಜ್ಞಾನೋತ್ಸವ ಬರುತ್ತದೆ, ಮಕ್ಕಳಿರುವವರು ಅದನ್ನು ಬಿಡಬಾರದು. ‘ಸೆಮಿನಾರ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ವಿಭಾಗದವರ ಆಂತರಿಕ ಚರ್ಚೆ. ಹೋಗುವ ಮೊದಲು ವಿಚಾರಿಸಿ.

ಮುಂಬರುವ ಉಪನ್ಯಾಸಗಳ ಪಟ್ಟಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇರುತ್ತದೆ. ಹೆಚ್ಚಿನವು ಉಚಿತ, ಆದರೂ ಟಿಕೆಟ್ ಮೊದಲೇ ಕಾದಿರಿಸಿ, ಹೋಗಲಾಗದಿದ್ದರೆ ರದ್ದು ಮಾಡಿ, ಆ ಕುರ್ಚಿ ಇನ್ನೊಬ್ಬರಿಗೆ ಸಿಗಲಿ. ಹದಿನೈದು ನಿಮಿಷ ಮೊದಲೇ ತಲುಪಿ. ನಮ್ಮಲ್ಲಿಯಂತೆ ನಡುವೆ ಬಂದು ಕುಳಿತು ನಡುವೆ ಎದ್ದು ಹೋಗುವ ರೂಢಿ ಅಲ್ಲಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಕ್ಕೇ ಕತ್ತಲಾಗುವುದರಿಂದ ಸಂಜೆ ಹೊರಡಲು ಮನಸ್ಸೇ ಬಾರದು. ಆ ದಿನಗಳಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಒಂಟಿತನ; ಇಬ್ಬರು ಮೂವರು ಮಾತಾಡಿಕೊಂಡು ಜೊತೆಯಾಗಿ ಹೋಗಿ. ಹಲವು ಉಪನ್ಯಾಸಗಳನ್ನು ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ನೇರ ಪ್ರಸಾರವಿದ್ದರೆ ಮನೆಯವರಿಗೂ ಕೊಂಡಿ ಕಳುಹಿಸಿ: ಚಳಿಗಾಲದಲ್ಲಿ ಅಲ್ಲಿ ಸಂಜೆ ಆರು ಎಂದರೆ ಉಡುಪಿಯಲ್ಲಿ ರಾತ್ರಿ ಹನ್ನೊಂದೂವರೆ, ಯಕ್ಷಗಾನದ ಆಟ ನೋಡಿ ಅಭ್ಯಾಸವಿದ್ದವರಿಗೆ ಅದೇನೂ ತಡವಲ್ಲ.